ಮೆಂತೆ ಮಡಿಗೆ ಬಂದ ಡಾಕ್ಟರ್‌ಬಾಯಿ

ಮುಖ್ಯ ಸಂಗತಿಯನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡುವುದು ನನ್ನ ಕಸುಬಿನ ಅಭ್ಯಾಸ. ಹೋದ ತಿಂಗಳು ತೀರಿಕೊಂಡ ನಮ್ಮ ಮೇಲಿನ ಮನೆಯ ಡಾಕ್ಟರ್‌ಬಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ನನ್ನ ಅವ್ವ ನನ್ನ ಮಾತು ಕೇಳುತ್ತಿರಲಿಲ್ಲ, ಅವರ ಮಾತು ಕೇಳುತ್ತಿದ್ದಳು, ಕಾರಣ ಇಷ್ಟೇ. ಅವರು ಹೋದ ಮೇಲೂ ಅದು ಪೂರ್ತಿ ಆರಿಲ್ಲ. ಮುಂದಿನ ವಿವರಗಳಲ್ಲಿ ಅಲ್ಲಲ್ಲಿ ಅದರ ವಾಸನೆ ಬಂದರೆ ಓದುವವರು ಅದನ್ನೂ ಸೇರಿಸಿಯೇ ಓದಿಕೊಳ್ಳಬೇಕು.

ಅವರು ವಿಜಯಪುರದ ಕಡೆಯವರು. ಮದುವೆಯಾಗಿರಲಿಲ್ಲ. ನಾಗಪುರದ ಒಂದು ಕಾಲೇಜಿನಲ್ಲಿ ಬಹಳ ವರ್ಷ ಪಾಠ ಹೇಳಿ ನಿವೃತ್ತರಾದವರು. ಅವರ ವಿಷಯ ಹುಳು. ಮನುಷ್ಯರ, ದನಗಳ ಕರುಳಲ್ಲಿ ಬದುಕುವ ಹುಳುಗಳು, ಅವುಗಳ ತತ್ತಿ, ಆ ತತ್ತಿ ನೀರು, ಮಣ್ಣು, ಹಸಿ ಸೊಪ್ಪನ್ನು ಹಿಡಿದು ಒಂದು ಹೊಟ್ಟೆಯಿಂದ ಇನ್ನೊಂದು ಹೊಟ್ಟೆಗೆ ಹೋಗುವ ದಾರಿ. ನಿವೃತ್ತಿಯ ಮೇಲೆ ಅದೇ ಊರಿನಲ್ಲಿ ನಮ್ಮ ಕಟ್ಟಡದ ಮೊದಲನೇ ಮಹಡಿಗೆ ಬಾಡಿಗೆಗೆ ಬಂದರು. ಹಮಾಲರು ಕಪಾಟು, ಮಂಚ ಎಲ್ಲ ಹೊತ್ತರು; ಮೈಕ್ರೋಸ್ಕೋಪನ್ನು ಮಾತ್ರ ಅವರು ಯಾರ ಕೈಗೂ ಕೊಡದೆ, ನಿದ್ದೆ ಹೋದ ಕೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಮೆಟ್ಟಿಲು ಹತ್ತಿದರು. ಅದಕ್ಕೆ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಭರಣಿಯ ಪಕ್ಕ ಜಾಗವಾಯಿತು.

ಕುಳ್ಳಗಿದ್ದರು. ಉಗುರನ್ನು ಶಾಲೆಯ ಹುಡುಗಿಯರ ಹಾಗೆ ಬುಡದವರೆಗೆ ಕತ್ತರಿಸಿರುತ್ತಿದ್ದರು. ಹೆಗಲ ಚೀಲದಲ್ಲಿ ಸದಾ ಮುಚ್ಚಳವಿದ್ದ ಖಾಲಿ ಡಬ್ಬಿಗಳು. ಸೊಪ್ಪು ಕಂಡರೆ ಎಲೆಯನ್ನು ತಿರುಗಿಸಿ ಹಿಂಭಾಗ ನೋಡುವರು, ಬೇರನ್ನು ಬೆಳಕಿಗೆ ಹಿಡಿಯುವರು. ಹೊಸಬರ ಪರಿಚಯವಾದರೆ ಊರು ಕೇಳುವ ಮೊದಲೇ "ಹೊಟ್ಟಿ ಹೆಂಗೈತ್ರಿ?" ಎನ್ನುವರು. ಅದು ಕ್ಷೇಮ ಸಮಾಚಾರವಲ್ಲ, ನಿಜವಾಗಿಯೂ ಉತ್ತರ ಬೇಕಾಗಿರುತ್ತಿತ್ತು. ಮದುವೆ ಊಟದ ಪಂಕ್ತಿಯಲ್ಲಿ ಅವರ ಪಕ್ಕ ಕೂತ ಬ್ಯಾಂಕಿನ ಮ್ಯಾನೇಜರೊಬ್ಬರು ಪಾಯಸ ಬರುವಷ್ಟರಲ್ಲಿ ತಮ್ಮ ಮಲಬದ್ಧತೆಯ ಪೂರ್ತಿ ಕಥೆ ಹೇಳಿ ಮುಗಿಸಿದ್ದನ್ನು ಎದುರು ಸಾಲಿನಲ್ಲಿ ಕೂತು ನಾನೇ ಕೇಳಿದ್ದೇನೆ. ಜನರ ಬಾಯಿ ಬಿಡಿಸಲು ನನಗೆ ಪತ್ರಿಕೆಯ ಗುರುತಿನ ಚೀಟಿ ಬೇಕು, ಎರಡು ಕಪ್ ಚಹಾ ಬೇಕು. ಆಮೇಲೂ ಅರ್ಧ ಸುಳ್ಳು ಸಿಗುತ್ತದೆ. ಅವರಿಗೆ ಒಂದು ಪ್ರಶ್ನೆ ಸಾಕಾಗುತ್ತಿತ್ತು.

ಇಲ್ಲಿಯ ಕನ್ನಡಿಗರ ಸಂಘದ ಯುಗಾದಿ ಊಟದಲ್ಲಿ ಒಮ್ಮೆ ಕೋಸಂಬರಿಯ ಚಮಚ ಎತ್ತಿ ಹಿಡಿದು, "ಕೊತ್ತಂಬರಿ ಯಾರು ತೊಳದಾರ್ರಿ?" ಎಂದು ಕೇಳಿದರು. ಸಂಘದ ಕಾರ್ಯದರ್ಶಿ ಮೈಸೂರಿನವರು, ರೈಲ್ವೆಯಲ್ಲಿದ್ದವರು. "ಉಪ್ಪು ನೀರಲ್ಲಿ ನೆನೆಸಿ ತೆಗೆದಿದ್ದೀವಿ ಮೇಡಂ. ಪೇಪರ್‌ನಲ್ಲೇ ಬಂದಿತ್ತು" ಎಂದರು.

"ಉಪ್ಪು ನೀರಾಗ ನೆನಸಿದ್ರ ತತ್ತಿ ಉಪ್ಪಿನಕಾಯಿ ಆಗಂಗಿಲ್ರಿ. ಹರಿಯೋ ನೀರು ಬೇಕು, ಎಲಿ ಮ್ಯಾಲ ಬೆರಳಾಡಬೇಕು. ಜಿಗಟು ಇರತಾವ ಅವು, ಸುಮ್ನ ಬಿಟ್ಟು ಹೋಗೂ ಪೈಕಿ ಅಲ್ಲ."

ಆ ಪೇಪರು ನಮ್ಮದು. ಕಾರ್ಯದರ್ಶಿ ನನ್ನ ಕಡೆ ನೋಡಿದರು. ನಾನು ಹೋಳಿಗೆಯ ಕಡೆ ನೋಡಿದೆ. ಮರುವರ್ಷ ಡಾಕ್ಟರ್‌ಬಾಯಿಯೇ ಸೆರಗು ಸಿಕ್ಕಿಸಿ ನಲ್ಲಿಯ ಕೆಳಗೆ ಕೂತು ಕೊತ್ತಂಬರಿ ತೊಳೆದರು. ಸುತ್ತ ಹೆಂಗಸರು ಹರಟೆ ಹೊಡೆಯುತ್ತ ಎಲೆ ಎಲೆ ಬಿಡಿಸಿದರು. ಕೋಸಂಬರಿ ಎಂದಿನಂತೆಯೇ ಇತ್ತು. ಎಲ್ಲರೂ ಈ ಸಲ ಬೇರೆ ರುಚಿ ಎಂದರು.

ಈಗ ಅವ್ವನ ವಿಷಯ. ಅವ್ವ ನವಲಗುಂದದ ಕಡೆಯವಳು. ಅಪ್ಪ ಹೋದ ಮೇಲೆ ನಮ್ಮ ಜೊತೆ ನಾಗಪುರಕ್ಕೆ ಬಂದಳು. ಹಿಂದಿ ಅಷ್ಟಿಷ್ಟು ಕಲಿತಳು, ಮರಾಠಿ ಅದಕ್ಕಿಂತ ಚೆನ್ನಾಗಿ ಕಲಿತಳು, ಊಟ ಮಾತ್ರ ಬದಲಿಸಲಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಕ್ಕದಲ್ಲಿ ಒಂದು ಹಿಡಿ ಹಸಿ ಮೆಂತೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲು. ನಮ್ಮ ಕಡೆ ಹೊಲದಲ್ಲಿ ಕಿತ್ತದ್ದನ್ನು ಹಾಗೇ ಒದರಿ ರೊಟ್ಟಿಯ ಜೊತೆ ತಿನ್ನುತ್ತಾರೆ. ನಾಗಪುರದ ಪೇಟೆಯ ಸೊಪ್ಪಿನ ಮೇಲೆ ಅವ್ವನಿಗೆ ನಂಬಿಕೆ ಇರಲಿಲ್ಲ. ಅದರಲ್ಲಿ ರುಚಿಯಿಲ್ಲ, ಯಾವ ನೀರಿನದೋ ಏನೋ ಎನ್ನುವಳು. ನಾವಿರುವುದು ನೆಲಮಹಡಿ, ಹಿಂದೆ ಗೋಡೆಯವರೆಗೆ ಒಂದು ಪಟ್ಟಿ ಜಾಗವಿದೆ. ಅಲ್ಲಿ ಮಡಿ ಮಾಡಿ ಮೆಂತೆ ಹಾಕಿದಳು. ಮೊದಲ ಬೆಳೆ ಸಣಕಲಾಗಿ ಬಂತು. ಆಗ ಗೇಟಿಗೆ ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಿದ್ದ ಸುಮನ್‌ಬಾಯಿಗೆ ಹೇಳಿ, ಆಕೆ ಬೆಳೆಯುವ ಜಾಗದ ಕರಿ ಮಣ್ಣನ್ನು ಮೂಟೆಗಟ್ಟಲೆ ತರಿಸಿ ಹಾಕಿದಳು. ಮೆಂತೆ ಹಾಸಿಗೆ ಹಾಸಿದ ಹಾಗೆ ಎದ್ದಿತು.

ಅವ್ವ ಬರಿಗಾಲಲ್ಲಿ ಮಡಿಯೊಳಗೆ ನಿಂತು ಹೆಂಟೆಗಳನ್ನು ಅಂಗೈಯಲ್ಲಿ ಹಿಚುಕಿ ಪುಡಿ ಮಾಡುವಳು. ಕಿತ್ತ ಸೊಪ್ಪನ್ನು ಸೆರಗಿನಲ್ಲಿ ಒರೆಸಿ ತಾಟಿನಲ್ಲಿಡುವಳು. ನನ್ನ ಹೆಂಡತಿ ತೊಳೆಯಲು ಹೋದರೆ, "ನಮ್ಮ ಮಡೀದು. ಇದನ್ನೇನು ತೊಳೀತೀಯವಾ, ಪ್ಯಾಟೀದಲ್ಲ" ಎನ್ನುವಳು. ಅತ್ತೆ ಸೊಸೆ ಇಬ್ಬರೂ ಅದನ್ನೇ ತಿಂದರು. ನನಗೆ ಹಸಿ ಸೊಪ್ಪು ಸೇರದು. ಆದರೂ ಪೇಟೆಯ ಹೊಲಸನ್ನು ಹೊರಗಿಟ್ಟ ಮನೆಯೆಂದು ನಮಗೆಲ್ಲ ಒಂದು ಹೆಮ್ಮೆ ಇತ್ತು.

ಆಮೇಲೆ ಅವ್ವ ಸೊರಗತೊಡಗಿದಳು. ಗುಡಿಗೆ ಹೊರಟವಳು ಅರ್ಧ ದಾರಿಯಲ್ಲಿ ಯಾರದೋ ಕಟ್ಟೆಯ ಮೇಲೆ ಕೂಡುವಳು. ತುಟಿ ಬಿಳಚಿತು. ವೈದ್ಯರು ರಕ್ತ ಬಹಳ ಕಡಿಮೆಯಾಗಿದೆ ಎಂದು ಕಬ್ಬಿಣದ ಗುಳಿಗೆ ಕೊಟ್ಟರು. ಸ್ವಲ್ಪ ಏರಿದ್ದು ಮತ್ತೆ ಇಳಿಯಿತು. ಹೀಗೇ ಇಳಿದರೆ ಹೃದಯಕ್ಕೆ ತೊಂದರೆ, ಮಲ ಪರೀಕ್ಷೆ ಮಾಡಿಸಲೇಬೇಕು ಎಂದರು. ಅವ್ವ ಒಪ್ಪಲಿಲ್ಲ.

"ಅದನ್ನ ಡಬ್ಬ್ಯಾಗ ಹಾಕಿ ಮಂದಿ ಕೈಯಾಗ ಕೊಡೂದಾ? ನನ್ನ ಸುಟ್ಟು ಬಂದ ಮ್ಯಾಲ ಏನರೆ ಮಾಡ್ಕೋ."

ನಾನು ವಿವರಿಸಿದೆ, ಬೇಡಿಕೊಂಡೆ, ಸಿಟ್ಟು ಮಾಡಿದೆ. ನಗರದ ಆರೋಗ್ಯ ಮತ್ತು ನೀರಿನ ವರದಿಗಳನ್ನು ವರ್ಷಗಟ್ಟಲೆ ಬರೆದವನು ನಾನು. ಉತ್ತರ ಕೊಡದ ಅಧಿಕಾರಿಗಳಿಂದ ಉತ್ತರ ಪಡೆದಿದ್ದೇನೆ. ಅವ್ವನಿಂದ ಒಂದು ಡಬ್ಬಿ ಪಡೆಯಲಾಗಲಿಲ್ಲ. ಆಕೆ ದಿನದಿನಕ್ಕೆ ಬೆಳ್ಳಗಾಗುವುದನ್ನು ನೋಡುತ್ತ ಕೂತೆ.

ಡಾಕ್ಟರ್‌ಬಾಯಿ ನಮ್ಮ ಮನೆಗೆ ಮೊದಲು ಬಂದದ್ದು ರೊಟ್ಟಿ ಬಡಿಯುವ ಸಪ್ಪಳ ಹಿಡಿದು. ಕಿಟಕಿಯಿಂದ "ಯಾ ಊರ್ರಿ ನಿಮ್ಮದು?" ಎಂದು ಕೇಳಿದರು. ಒಳಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತರು. ಆ ದಿನದಿಂದ ಅವ್ವನ ಮಧ್ಯಾಹ್ನಗಳು ಅವರವಾದವು. ಹೀಗೆ ಒಮ್ಮೆ ಮಾತಾಡುತ್ತ ಕೂತವರು ಕೈ ಚಾಚಿ ಅವ್ವನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ನಾನು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದೆ.

"ಅಕ್ಕಾರ, ನಾಳಿ ಮುಂಜಾನೆ ನನಗೊಂದು ಡಬ್ಬಿ ತುಂಬಿಸಿ ಕೊಡ್ರಿ."

"ಏನ ತುಂಬಿಸಲಿ? ಶೇಂಗಾ ಚಟ್ನಿ?"

"ಅಲ್ರಿ. ನೀವು ದಿನಾ ಬ್ಯಾಡಂತ ಬಿಟ್ಟು ಬರತೀರಲ್ಲ, ಅದು."

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಷ್ಟು ನಕ್ಕದ್ದನ್ನು ನಾಗಪುರಕ್ಕೆ ಬಂದ ಮೇಲೆ ನಾನು ನೋಡಿರಲಿಲ್ಲ. "ನಿನಗ ನಮ್ಮ ಮನ್ಯಾಗ ಬ್ಯಾರೆ ಏನೂ ಸಿಗಲಿಲ್ಲೇನ?"

"ನಾ ಜಲ್ಮಪೂರ್ತಿ ಹೊಟ್ಟಿ ಹೊರಕೊಂಡದ್ದ ಅದರ ಮ್ಯಾಲ್ರಿ. ಈಗ ಬರೂ ಪೆನ್ಶನ್ ಸುದ್ದಾ ಅದರದ."

ಮರುದಿನ ಬೆಳಿಗ್ಗೆ ಅವ್ವ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದಳು. ನಡುವೆ ಕೂತು ಉಸಿರು ತೆಗೆದುಕೊಂಡಳು. ನಾನು ಒಯ್ಯುತ್ತೇನೆ ಎಂದರೆ, "ನೀ ಆ ಕಡೆ ಸರಿ, ನಿನಗ ಗೊತ್ತಾಗಂಗಿಲ್ಲ" ಎಂದಳು.

ಸ್ವಲ್ಪ ಹೊತ್ತಿನ ಮೇಲೆ, ಯಾರೂ ಕರೆಯದೆ, ನಾನೂ ಹೋದೆ. ಅವ್ವ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿದ್ದಳು. ಡಾಕ್ಟರ್‌ಬಾಯಿ ಹಿಂದೆ ನಿಂತು ಆಕೆಯ ತಲೆಯನ್ನು ಎರಡೂ ಕೈಯಿಂದ ಮೆಲ್ಲಗೆ ಸರಿಯಾದ ಜಾಗಕ್ಕೆ ಹಿಡಿದಿದ್ದರು.

"ಸಾಬೂದಾಣಿ ಕುದಿಸಿದಂಗ ಐತಿ," ಎಂದಳು ಅವ್ವ. "ಒಳಗ ಕಾಳು ಕಾಳು."

"ಬರೋಬರ್. ಅದು ಕೊಕ್ಕಿ ಹುಳದ ತತ್ತಿ. ಹುಳ ನಿಮ್ಮ ಕರುಳಿಗೆ ಬಾಯಿ ಹಚ್ಚಿ ಕುಂತಾವ. ರಕ್ತ ಕುಡೀತಾವ."

"ಭಾಳ ಅದಾವೇನು?"

"ಅದಾವ. ಪಾಪ, ಅವಕ್ಕೂ ಹೊಟ್ಟಿ ಐತೆಲ್ರಿ."

"ನನ್ನ ರಕ್ತದಾಗ ಇವು ಸಂಸಾರ ಹೂಡ್ಯಾವ, ನನಗ ಹೇಳಿಲ್ಲ ಕೇಳಿಲ್ಲ," ಎಂದು ಅವ್ವ ಮತ್ತೆ ಕಣ್ಣಿಟ್ಟಳು. ಅವಳ ದನಿಯಲ್ಲಿ ಅಸಹ್ಯ ಇರಲಿಲ್ಲ. ಬಾಡಿಗೆದಾರರ ಬಗ್ಗೆ ಮಾತಾಡುವ ಹಾಗೆ ಮಾತಾಡಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. "ಬರ್ರಿ ಸಂಪಾದಕರ, ನೀವೂ ನೋಡ್ರಿ," ಎಂದರು ಕೊನೆಗೆ. ನಾನು ಸಂಪಾದಕನಲ್ಲ, ವರದಿಗಾರ ಎಂದು ಹೇಳಿ ಸಾಕಾಗಿತ್ತು.

ಅಂದು ಸಂಜೆ ಅವ್ವ ಊರಿಗೆ ಫೋನ್ ಮಾಡಿ ತಂಗಿಗೆ ಆ ತತ್ತಿಯ ವರ್ಣನೆ ಮಾಡಿದಳು. ನಾನು ಬರೆದ ಯಾವ ವರದಿಯನ್ನೂ ಆಕೆ ಊರಿಗೆ ಹೇಳಿದ್ದು ನನಗೆ ನೆನಪಿಲ್ಲ. ವೈದ್ಯರು ಬರೆದ ಹುಳುವಿನ ಗುಳಿಗೆಯನ್ನೂ ಕಬ್ಬಿಣದ ಗುಳಿಗೆಯನ್ನೂ ಒಂದು ಮಾತಿಲ್ಲದೆ ನುಂಗಿದಳು.

ಹುಳು ಎಲ್ಲಿಂದ ಬಂತು ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ಸಂಘದ ಊಟ, ಹೋಟೆಲಿನ ಚಟ್ನಿ, ಹೊರಗಿನ ಏನೋ ಒಂದು. ಡಾಕ್ಟರ್‌ಬಾಯಿ ನನ್ನ ಮಾತು ಪೂರ್ತಿ ಕೇಳಿ ಹಿತ್ತಲಿಗೆ ಹೋದರು. ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಅಕ್ಕಾರ, ಈ ಮಣ್ಣು ಇಲ್ಲೀದಲ್ಲ. ಎಲ್ಲಿಂದ ತರಿಸೀರಿ?" ಎಂದರು.

ಅವ್ವ ಹೇಳಿದಳು. ಸುಮನ್‌ಬಾಯಿಯ ತುಂಡು ಜಮೀನು ಇರುವುದು ನಾಲೆಯ ದಂಡೆಯಲ್ಲಿ. ಆ ನಾಲೆಯಲ್ಲಿ ಹರಿಯುವುದು ಮೇಲಿನ ಬಡಾವಣೆಗಳ ಕೊಳಚೆ. ಜನರ ಹೊಟ್ಟೆಯಿಂದ ಹೊರಬಿದ್ದ ತತ್ತಿ ಆ ನೀರಲ್ಲಿ ಬಂದು ಮಣ್ಣಿನಲ್ಲಿ ಕೂಡುತ್ತದೆ. ಒದ್ದೆ ಬೆಚ್ಚನೆಯ ಮಣ್ಣಿನಲ್ಲಿ ಒಡೆದು ಕಣ್ಣಿಗೆ ಕಾಣದ ಮರಿಯಾಗುತ್ತದೆ. ಬರಿಗಾಲಿನ, ಬರಿಗೈಯ ಚರ್ಮ ಕೊರೆದು ಒಳಗೆ ಹೋಗುತ್ತದೆ, ತೊಳೆಯದ ಸೊಪ್ಪಿನ ಜೊತೆಗೂ ಹೋಗುತ್ತದೆ. ಪೇಟೆಯ ಸೊಪ್ಪಿಗೆ ಹೆದರಿ ಮಾಡಿದ ಮಡಿಗೆ ಆ ಸೊಪ್ಪು ಬೆಳೆದ ಮಣ್ಣನ್ನೇ ನಾವು ಹೇಳಿ ತರಿಸಿಕೊಂಡಿದ್ದೆವು. ಪೇಟೆಯದಾಗಿದ್ದರೆ ತೊಳೆದಾದರೂ ತಿನ್ನುತ್ತಿದ್ದೆವು.

"ಅಂದ್ರ ನಾನ ತಂದು ಹಾಕ್ಯೇನಿ," ಎಂದಳು ಅವ್ವ. "ಸೊಸಿಗೂ ತಿನಿಸೇನಿ."

"ನೀವು ಮಣ್ಣು ತರಿಸೀರಿ. ಹುಳ ಕಳಸಿದವರು ಬ್ಯಾರೆ," ಎಂದರು ಅವರು. ಅವ್ವನ ಬೆನ್ನ ಮೇಲೆ ಕೈಯಿಟ್ಟು ಕೂತೇ ಇದ್ದರು. ಆ ಕೈ ನನ್ನದಾಗಬೇಕಿತ್ತು. ನಾನು ಹತ್ತಿರವೇ ಇದ್ದೆ, ಏನು ಹೇಳಬೇಕೆಂದು ಯೋಚಿಸುತ್ತಿದ್ದೆ.

ನಮ್ಮೆಲ್ಲರ ಪರೀಕ್ಷೆಯಾಯಿತು. ಹೆಂಡತಿಯಲ್ಲಿ ಹುಳು ಸಿಕ್ಕಿತು, ಗುಳಿಗೆಯಿಂದ ಹೋಯಿತು. ನನ್ನಲ್ಲಿ ಏನೂ ಸಿಗಲಿಲ್ಲ. "ಸಂಪಾದಕರ ಹಂತ್ಯಾಕ ಹುಳ ಸುದ್ದಾ ನಿಲ್ಲಂಗಿಲ್ಲ ನೋಡ್ರಿ," ಎಂದು ಡಾಕ್ಟರ್‌ಬಾಯಿ ಹೇಳಿದ್ದಕ್ಕೆ ಅತ್ತೆ ಸೊಸೆ ಕೂಡಿ ನಕ್ಕರು. ಆ ಮೂವರ ನಡುವೆ ಒಂದು ನೆಂಟಸ್ತಿಕೆ ಬೆಳೆದಿತ್ತು. ನಾನು ಅದಕ್ಕೆ ಹೊರಗಿನವನು.

ಮಣ್ಣನ್ನು ಎಸೆಯುವುದಕ್ಕೆ ಅವ್ವ ಒಪ್ಪಲಿಲ್ಲ. ಎಸೆಯಿರಿ ಎಂದು ಡಾಕ್ಟರ್‌ಬಾಯಿಯೂ ಹೇಳಲಿಲ್ಲ. "ನಾಗಪುರದ ಬ್ಯಾಸಗಿ ಐತೆಲ್ರಿ," ಎಂದರು. ಮೇ ತಿಂಗಳಲ್ಲಿ ನಮ್ಮ ಕಟ್ಟಡದ ತಾರಸಿಯ ಮೇಲೆ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ. ಮಡಿಯ ಮಣ್ಣನ್ನೆಲ್ಲ ಅಲ್ಲಿ ತೆಳ್ಳಗೆ ಹರಡಿ, ಮೇಲೆ ಗಾಜಿನಂಥ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಇಟ್ಟಿಗೆ ಹೇರಿ ಬೇಸಿಗೆ ಮುಗಿಯುವವರೆಗೆ ಬಿಟ್ಟೆವು. ಮಾತುಕತೆ ಅವರಿಬ್ಬರದು, ಮೂಟೆ ನನ್ನದು. ನೆರಳಿನಲ್ಲಿ ಕೂತು ಮಜ್ಜಿಗೆ ಕುಡಿಯುತ್ತ ಅವ್ವ, "ಆ ಮೂಲಿಗೆ ಇನ್ನಷ್ಟು ಹಾಕು, ಬಾಯಾರು ಹೇಳ್ಯಾರ," ಎಂದು ಕೂಗುವಳು. ಮಳೆ ಬೀಳುವ ಮೊದಲು ಅವರು ಒಂದು ಚಿಟಿಕೆ ಮಣ್ಣು ತೆಗೆದು ನೋಡಿ, "ಸುಟ್ಟು ಕರಕಾಗ್ಯಾವ. ಈ ಊರ ಬಿಸಲು ಒಂದ ಕೆಲಸಕ್ಕರೆ ಬಂತು," ಎಂದರು.

ಚಪ್ಪಲಿಯ ವಿಷಯ ಇನ್ನೂ ಕಷ್ಟದ್ದು. ಬೆಳೆ ನಿಂತ ಮಣ್ಣಿನ ಮೇಲೆ ಅವ್ವ ಚಪ್ಪಲಿ ಮೆಟ್ಟುವವಳಲ್ಲ. ನಾನು ಹಿಂದೊಮ್ಮೆ ತಂದುಕೊಟ್ಟ ಮೆತ್ತನೆಯ ಚಪ್ಪಲಿ ಡಬ್ಬದಲ್ಲೇ ಇತ್ತು. ಡಾಕ್ಟರ್‌ಬಾಯಿ ವಾದ ಮಾಡಲಿಲ್ಲ. ಮಡಿಯ ಸುತ್ತ ಹಾಸುಗಲ್ಲು ಹಾಕಿಸಿದರು: ಅವ್ವ ಕಲ್ಲಿನ ಮೇಲೆ ನಿಲ್ಲಬೇಕು, ಬೆಳೆಯ ಮಣ್ಣಿನ ಮೇಲೆ ಚಪ್ಪಲಿಯೂ ಇಲ್ಲ, ಕಾಲೂ ಇಲ್ಲ. ಆಮೇಲೆ ಒಂದು ಮಧ್ಯಾಹ್ನ ಇಬ್ಬರೂ ಮೆಟ್ರೋ ಹತ್ತಿ ಸೀತಾಬರ್ಡಿ ಪೇಟೆಗೆ ಹೋಗಿ, ಮಂದಿಯ ನಡುವೆ ತಳ್ಳಾಡಿ, ಕಬ್ಬಿನ ಹಾಲು ಕುಡಿದು, ಕೆಂಪು ರಬ್ಬರ್ ಬೂಟು ತಂದರು. ಅವ್ವ ಅದನ್ನು ಓಣಿಯವರಿಗೆಲ್ಲ ತೋರಿಸಿದಳು.

ಅವ್ವನ ರಕ್ತ ಏರಿತು. ತುಟಿಗೆ ಬಣ್ಣ ಬಂತು. ಬಲ ಬಂದ ಕಾಲುಗಳು ದಿನಾ ಮೇಲಿನ ಮನೆಗೆ ಹತ್ತಿದವು. ನಾನು ಕಚೇರಿಯಿಂದ ಬಂದರೆ ನಮ್ಮ ಬಾಗಿಲಿಗೆ ಬೀಗ. ಮೇಲೆ ಹೋಗಿ ಕೀಲಿ ಕೇಳಬೇಕು. ಅಲ್ಲಿ ಅವರಿಬ್ಬರೂ ನಲ್ಲಿಯ ಕೆಳಗೆ ಮೆಂತೆಯನ್ನು ಎಲೆ ಎಲೆಯಾಗಿ ಉಜ್ಜಿ ತೊಳೆದು, ಬಟ್ಟೆಯ ಮೇಲೆ ಹರಡಿ, ರೊಟ್ಟಿಯ ಜೊತೆ ತಿನ್ನುತ್ತ ಕೂತಿರುವರು. ಹುಳುವಿನ ಡಾಕ್ಟರು ಅವ್ವನಿಂದ ಹಸಿ ಸೊಪ್ಪು ಬಿಡಿಸಲಿಲ್ಲ, ತಾವೂ ಬಿಡಲಿಲ್ಲ. "ನೀನೂ ಉಣ್ಣ ಬಾ" ಎಂದು ಅವ್ವ ಕರೆಯುವಳು. ನನಗೆ ಸೇರದೆಂದು ಆಕೆಗೆ ಗೊತ್ತಿತ್ತು.

ನನ್ನ ಅವರ ನಡುವೆ ಒಂದೇ ಸಲ ಮಾತು ಬೆಳೆದದ್ದು ಸುಮನ್‌ಬಾಯಿಯ ಜಮೀನಿನ ಬಗ್ಗೆ. ಡಾಕ್ಟರ್‌ಬಾಯಿ ಅಲ್ಲಿಗೆ ಹೋಗಿಬರುತ್ತಿದ್ದರು. ಒಂದು ಬೆಳಿಗ್ಗೆ ನಾನೂ ಹಿಂದೆ ಹೋದೆ. ಹೆಂಗಸರು ಸೊಪ್ಪು ಕಿತ್ತು, ಕಟ್ಟು ಕಟ್ಟಿ, ಪೇಟೆಗೆ ಹೋಗುವವರೆಗೆ ಬಾಡದಿರಲೆಂದು ಪ್ರತಿ ಕಟ್ಟನ್ನೂ ನಾಲೆಯ ನೀರಿನಲ್ಲಿ ಅದ್ದಿ ಬುಟ್ಟಿಗೆ ಜೋಡಿಸುತ್ತಿದ್ದರು. ಅದ್ದಿದ ಸೊಪ್ಪು ಫಳಫಳ ಹೊಳೆಯುತ್ತಿತ್ತು. ಊರೆಲ್ಲ ತಾಜಾ ಎಂದು ಆರಿಸಿ ಕೊಳ್ಳುವುದು ಆ ಹೊಳಪನ್ನು. ಮೊದಲ ಪುಟದ ಸುದ್ದಿ ನನ್ನ ಕಣ್ಣೆದುರು ಇತ್ತು. ಬೇಕಾದದ್ದು ಆ ಸೊಪ್ಪು, ನೀರಿನ ಮೇಲೆ ಡಾಕ್ಟರ್‌ಬಾಯಿ ಮಾಡಿದ್ದ ಪರೀಕ್ಷೆಯ ಫಲಿತಾಂಶ ಮಾತ್ರ.

"ಕೊಡಂಗಿಲ್ರಿ," ಎಂದರು.

"ಜನರಿಗೆ ಗೊತ್ತಾಗಬ್ಯಾಡೇನು?"

"ಆಗಬೇಕು. ಹಿಂದ ಒಮ್ಮಿ ಕೊಟ್ಟಿದ್ದೆ, ಬ್ಯಾರೆ ಪೇಪರಿಗೆ. ವಿಷದ ಸೊಪ್ಪು ಅಂತ ದಪ್ಪ ಅಕ್ಷರದಾಗ ಹಾಕಿದ್ರು. ಮರುದಿನ ಬುಟ್ಟಿ ಹೊತ್ತಾಕಿನ್ನ ರಸ್ತೆದಾಗಿಂದ ಎಬ್ಬಿಸಿದ್ರು. ನಾಲಾ ಹಂಗ ಹರೀತು. ನೀವು ನಾಲಾದಾಗ ಹೊಲಸು ಬಿಟ್ಟವರ ಹೆಸರು ಬರೀತೀರೇನು?"

"ದಾಖಲೆ ಸಿಕ್ಕರೆ ಬರೀತೀನಿ."

"ದಾಖಲೆ ಸಿಗಂಗಿಲ್ಲ. ಈಕಿ ಫೋಟೋ ಸಿಗತೈತಿ."

ನಾನು ನೋಡಿದ್ದನ್ನು ನಾನೇ ಬರೆಯಬಹುದಿತ್ತು. ಫೋಟೋ ಕೂಡ ನನ್ನ ಫೋನಿನಲ್ಲಿತ್ತು. ಬರೆಯಲಿಲ್ಲ. ಪರಿಣತರ ಮಾತಿಲ್ಲದೆ ಇಂಥ ಸುದ್ದಿ ನಿಲ್ಲುವುದಿಲ್ಲ ಎಂದು ಕಚೇರಿಯಲ್ಲಿ ಹೇಳಿದೆ. ಬಹಳ ದಿನ ಮೇಲಿನ ಮನೆಗೆ ಹೋಗಲಿಲ್ಲ. ಅವ್ವ ಹೋಗುತ್ತಲೇ ಇದ್ದಳು. ನಾನು ಬರುತ್ತಿಲ್ಲವೆಂಬುದನ್ನು ಇಬ್ಬರೂ ಗಮನಿಸಿದ ಹಾಗೆ ಕಾಣಲಿಲ್ಲ. ಆ ನಡುವೆ ಡಾಕ್ಟರ್‌ಬಾಯಿ ನಾಲೆಯ ಹತ್ತಿರದ ಗುಡಿಯವರನ್ನು ಒಪ್ಪಿಸಿ, ಅವರ ಬೋರ್‌ವೆಲ್ಲಿನಿಂದ ಒಂದು ಪೈಪು ಎಳೆಸಿ, ಹೆಂಗಸರಿಗೆ ಸೊಪ್ಪು ಅದ್ದಲು ಸಿಮೆಂಟಿನ ತೊಟ್ಟಿ ಕಟ್ಟಿಸಿದ್ದರು. ಗುಡಿಯ ಮುಖ್ಯಸ್ಥರನ್ನು ಹೇಗೆ ಒಪ್ಪಿಸಿದಿರಿ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, "ಅವರ ಹೊಟ್ಟಿ ಕೇಳಿದೆ," ಎಂದರಂತೆ.

ಅವರಿಗೆ ಕಾಯಿಲೆ ಬಂದದ್ದು ಚಳಿಗಾಲದಲ್ಲಿ. ಅದು ಹುಳುವಿನದಲ್ಲ, ಹೃದಯದ್ದು. ಅವ್ವ ದಿನಾ ಬೆಳಿಗ್ಗೆ ನುಚ್ಚಿನ ಗಂಜಿ ಡಬ್ಬಿಗೆ ಹಾಕಿ, ಒಬ್ಬಳೇ ಆಟೊ ಹತ್ತಿ, "ದವಾಖಾನಾ ಚಲೋ" ಎಂದು ಹೋಗುವಳು. ಒಬ್ಬಳೇ ಎಲ್ಲಿಗೂ ಹೋದವಳಲ್ಲ. ನನಗೆ ಡೆಂಗಿ ಬಂದು ಮಲಗಿದ್ದಾಗ ಆಸ್ಪತ್ರೆಗೆ ಒಂದೇ ಸಲ ಬಂದಿದ್ದಳು, ಸೊಸೆಯ ಕೈ ಹಿಡಿದು. ಇದನ್ನು ನಾನು ಆಸ್ಪತ್ರೆಯ ವರಾಂಡದಲ್ಲಿ ನಿಂತು ಲೆಕ್ಕ ಹಾಕಿದೆ. ಒಳಗೆ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದವರು ನನ್ನನ್ನು ಕರೆದರು.

"ಸಂಪಾದಕರ, ಅಕ್ಕಾರ ರಕ್ತ ತಪಾಸ ಮಾಡ್ಸೂದು ಬಿಡಬ್ಯಾಡ್ರಿ."

"ಆಕಿ ನನ್ನ ಮಾತ ಕೇಳಂಗಿಲ್ರಿ, ನಿಮಗ ಗೊತ್ತೈತಿ."

"ಕೇಳತಾರ. ನಿಮ್ಮ ಎದರಿಗೆ ಕೇಳಂಗಿಲ್ಲ ಅಷ್ಟ."

ಸಮಾಧಾನಕ್ಕೆ ಹೇಳಿದ ಮಾತು ಎಂದುಕೊಂಡೆ. ಎರಡು ವಾರದಲ್ಲಿ ಅವರು ಹೋದರು. ವಿಜಯಪುರದಿಂದ ತಮ್ಮನ ಮಗ ಬಂದು ಎಲ್ಲ ಮುಗಿಸಿ, ಮನೆ ಖಾಲಿ ಮಾಡಿದ.

ಅವ್ವ ಅತ್ತದ್ದು ಕಡಿಮೆ. ಮಡಿಯ ಕಡೆ ಹೋಗುವುದನ್ನು ಬಿಟ್ಟಳು. ಮೆಂತೆ ಬಲಿತು ಹೂವಾಯಿತು. ರೊಟ್ಟಿಗೆ ಬರೀ ಚಟ್ನಿ ಹಚ್ಚಿಕೊಂಡು ಅರ್ಧಕ್ಕೇ ಏಳುವಳು. ರಕ್ತ ಪರೀಕ್ಷೆಗೆ ಕರೆದರೆ, "ಈಗ ಯಾರಿಗೆ ತೋರಸಬೇಕದನ್ನ?" ಎಂದಳು. ವೈದ್ಯರಿಗೆ ಎಂದೆ. ಆಕೆಯ ತುಟಿ ಮತ್ತೆ ಬಿಳಚುತ್ತಿದೆಯೋ, ನನ್ನ ಭ್ರಮೆಯೋ ಎಂದು ದಿನಾ ಕದ್ದು ನೋಡಿದೆ. ಬದುಕಿದ್ದವರ ಮೇಲಿನ ಹೊಟ್ಟೆಕಿಚ್ಚಿಗೆ ಒಂದು ದಾರಿ ಇರುತ್ತದೆ, ಜಗಳವಾಡಬಹುದು. ಸತ್ತವರು ಅವ್ವನನ್ನು ಜೊತೆಗೇ ಕರೆದೊಯ್ಯುತ್ತಿದ್ದರೆ ಯಾರ ಜೊತೆ ಜಗಳವಾಡಲಿ?

ಹೋದ ಭಾನುವಾರ ಸುಮನ್‌ಬಾಯಿ ಗೇಟಿಗೆ ಬಂದಳು. ಊರಿಗೆ ಹೋಗಿದ್ದವಳಿಗೆ ಸಾವಿನ ಸುದ್ದಿ ತಡವಾಗಿ ತಿಳಿದಿತ್ತು. ಇಬ್ಬರೂ ಗೇಟಿನ ಆಚೆ ಈಚೆ ನಿಂತು ಅತ್ತರು. ನಾಲೆಯ ದಂಡೆಯ ಹೆಂಗಸರೆಲ್ಲ ಆಜಿಯನ್ನು, ಅಂದರೆ ಅವ್ವನನ್ನು, ನೋಡಬೇಕು ಅನ್ನುತ್ತಿದ್ದಾರೆ ಎಂದಳು ಸುಮನ್‌ಬಾಯಿ. ಅವ್ವ ಒಳಗೆ ಬಂದು ಸೀರೆ ಬದಲಿಸಿ, "ನಡಿ," ಎಂದಳು ನನಗೆ. ಆಟೊದಲ್ಲಿ ಹೋದೆವು.

ತೊಟ್ಟಿಯ ಸುತ್ತ ಹೆಂಗಸರು ಕೆಲಸದಲ್ಲಿದ್ದರು. ನಾಲೆ ಅದೇ ಬಣ್ಣದಲ್ಲಿ, ಅದೇ ನಾತದಲ್ಲಿ ಹರಿಯುತ್ತಿತ್ತು. ಪಾಲಕ್, ಮೆಂತೆ, ಕೊತ್ತಂಬರಿ ಕಟ್ಟುಗಳು ತೊಟ್ಟಿಯಲ್ಲಿ ಮುಳುಗಿ ಏಳುತ್ತಿದ್ದವು. ಅವ್ವನಿಗೆ ಗೋಣಿ ಹಾಸಿ ಕೂರಿಸಿದರು. ಒಬ್ಬೊಬ್ಬರೂ ಡಾಕ್ಟರ್‌ಬಾಯಿಯ ಒಂದೊಂದು ಮಾತು ಹೇಳಿದರು. ಅವ್ವ ಎಲ್ಲದಕ್ಕೂ, ಹೌದು ಹಾಗೇ ಅನ್ನುತ್ತಿದ್ದಳು, ಎಂದು ತಲೆಯಾಡಿಸಿದಳು.

ವಯಸ್ಸಾದ ಹೆಂಗಸೊಬ್ಬಳು ನನ್ನನ್ನು ಬಹಳ ಹೊತ್ತು ನೋಡಿ, "ಹಾ ಮ್ಯಾಡಮ್‌ಚಾ ಮುಲ್‌ಗಾ ಕಾ?" ಎಂದಳು. ಇವನು ಮ್ಯಾಡಮ್ಮರ ಮಗನೇ?

ನಾನು ಅಲ್ಲ ಎನ್ನುವ ಮೊದಲೇ ಸುಮನ್‌ಬಾಯಿ ಮಾತು ತೆಗೆದಳು. ಮಗನಂಥವನೇ, ಎಂದಳು. ಮ್ಯಾಡಮ್ ಯಾವಾಗಲೂ ಹೇಳುತ್ತಿದ್ದರಲ್ಲ, ನಮ್ಮ ಹುಡುಗ ಪೇಪರಿನಲ್ಲಿದ್ದಾನೆ, ನೀವು ಸೊಪ್ಪು ಅದ್ದುವುದನ್ನು ಕಣ್ಣಾರೆ ನೋಡಿದ, ಫೋಟೋನೂ ಹೊಡೆದ, ಆದರೂ ನಿಮ್ಮ ಹೊಟ್ಟೆಯ ಮೇಲೆ ಹೊಡೆಯಲಿಲ್ಲ ಅಂತ. ಅವನೇ ಇವನು.

ಹೆಂಗಸರು ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿದರು. ಡಾಕ್ಟರ್‌ಬಾಯಿ ಈ ಮಾತನ್ನು ನನ್ನೆದುರು ಒಮ್ಮೆಯೂ ಆಡಿರಲಿಲ್ಲ. ಅಷ್ಟರಲ್ಲಿ ಅವ್ವ ಗೋಣಿಯಿಂದ ಎದ್ದು ಬಂದು ನನ್ನ ಮುಂಗೈ ಹಿಡಿದುಕೊಂಡಳು.

"ನಾಹೀ," ಎಂದಳು. "ಮಾಝಾ. ಮಾಝಾ ಮುಲ್‌ಗಾ." ನನ್ನವನು, ನನ್ನ ಮಗ.

ವಾಪಸು ಬರುವಾಗ ಆಟೊದಲ್ಲಿ ಅವ್ವ ಮುಖ ಬಿಗಿದುಕೊಂಡು ಹೊರಗೆ ನೋಡುತ್ತಿದ್ದಳು. ಸೀತಾಬರ್ಡಿಯ ಗದ್ದಲದಲ್ಲಿ ಗಾಡಿ ನಿಂತಾಗ ಬಾಯಿಬಿಟ್ಟಳು.

"ನಮ್ಮ ಹುಡುಗ ಅಂತ ಹೇಳ್ಯಾಳಂತ. ಯಾರನ್ನ ಕೇಳಿ ಹೇಳಿದ್ಲು?"

ಡಾಕ್ಟರ್‌ಬಾಯಿಯ ಬಗ್ಗೆ ಅವ್ವ ಸಿಟ್ಟಿನ ಮಾತಾಡಿದ್ದನ್ನು ನಾನು ಅಂದು ಮೊದಲ ಸಲ ಕೇಳಿದೆ.

"ದಿನಾ ನನ್ನ ರೊಟ್ಟಿ ತಿಂದು, ನನ್ನ ಮಗನ್ನ ತನ್ನಾವ ಅಂತ ಊರಾಗ ಹೇಳಕೋತ ಅಡ್ಡ್ಯಾಡ್ಯಾಳ. ನನಗೊಂದು ಮಾತ ಹೇಳಬಾರದಿತ್ತಾ? ನಿನ್ನ ಮಗ ಹಿಂಗ ಛಲೋ ಮಾಡ್ಯಾನ ಅಂತ? ನಾ ಏನ ಬ್ಯಾಡ ಅಂತಿದ್ನಾ?" ಹಿಡಿದ ಮುಂಗೈಯನ್ನು ಆಕೆ ಇನ್ನೂ ಬಿಟ್ಟಿರಲಿಲ್ಲ. "ನಾಳಿ ರಕ್ತ ತಪಾಸಕ್ಕ ಹೋಗೂಣು. ನೀನ ಕರಕೊಂಡ ಹೋಗಬೇಕು, ಸೊಸಿನ್ನ ಕಳಸಬ್ಯಾಡ. ಹಡದಾಕಿ ನಾನು. ಆಕಿ ಯಾರು ಹೇಳಾಕ?"

ಆಟೊದವನು ಕನ್ನಡಿಯಲ್ಲಿ ನಮ್ಮನ್ನು ನೋಡಿದ. ದಾರಿ ಬಿಟ್ಟಿತು, ಗಾಡಿ ಹೊರಟಿತು, ಅವ್ವ ಬೈಯುತ್ತಲೇ ಇದ್ದಳು. ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ನಿಲ್ಲಿಸಿಬಿಡುತ್ತಿದ್ದಳು.